ಗೃಹಕೃತ್ಯ ವಿಚಾರ: ಮೋಟಾರಿಗೊಂದು ಕೈಗಡ

ಮನೆವಾರ್ತೆಗೆ ಸಂಬಂಧಪಟ್ಟ ಒಂದೊಂದು ವಿಷಯವನ್ನು ತಿಂಗಳಿಗೊಮ್ಮೆ ನಿಮ್ಮ ಮುಂದಿಡುವದು ಈ ಪುಟದ ವಾಡಿಕೆಯಾಗಿದೆ. ಈ ಸಲ ಅಂಗಳದಲ್ಲಿ ನಿಂತ ಮೋಟಾರು ಗಾಡಿಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದು ಗ್ಯಾರೇಜಿನವರ ಮಾತು, ಗೃಹಿಣಿಯರಿಗೆ ಇದರಿಂದೇನು ಎಂದು ಯಾರೂ ಪುಟವನ್ನು ತಿರುವಿಹಾಕಬಾರದಾಗಿ ಬೇಡಿಕೊಳ್ಳುತ್ತೇವೆ. ಹಿಂದಿನ ಕಾಲದಲ್ಲಿ ಕೊಟ್ಟಿಗೆಯ ಎತ್ತಿಗೆ ಮೈಯಲ್ಲಿ ನೆಟ್ಟಗಿಲ್ಲವೆಂಬದು ಮೊದಲು ಗೊತ್ತಾಗುತ್ತಿದ್ದದ್ದು ಮನೆಯ ಹೆಣ್ಣುಮಗಳಿಗೆ. ಮೇವು ಉಳಿಸಿತೆಂದರೆ, ಕಿವಿ ಜೋಲು ಹಾಕಿತೆಂದರೆ, ಅವಳು ಯಜಮಾನನಿಗೆ ಹೇಳುತ್ತಿದ್ದಳು. ಇಂದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಅನೇಕ ಮನೆಗಳಲ್ಲಿ ಎತ್ತು ಕಟ್ಟುತ್ತಿದ್ದ ಸ್ಥಳದಲ್ಲಿ ಮೋಟಾರು ಗಾಡಿ ನಿಂತಿದೆ. ಅದಕ್ಕೆ ಕಿವಿಯಿಲ್ಲ, ಜೋಲು ಹಾಕುವದಿಲ್ಲ. ನಿನ್ನೆಯ ವರೆಗೂ ಚೆನ್ನಾಗಿ ಓಡಿದ ಗಾಡಿಯು ಇಂದು ಬೇಕಾದ ಹೊತ್ತಿಗೆ ಮೊಂಡು ಹಿಡಿದು ನಿಂತುಬಿಡುವದು. ಹಾಗೆ ನಿಂತಾಗ ಮಾಡತಕ್ಕದ್ದೇನು ಎಂಬದೇ ಇಂದಿನ ವಿಚಾರ.

ಮೊದಲು ನಮ್ಮ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಮಾಘಮಾಸದಲ್ಲಿ ನಾವು ಬ್ಯಾಡಗಿಯ ನೆಂಟರ ಮನೆಗೆ ಹೋಗಿದ್ದೆವು. ಮನೆಯ ಯಜಮಾನರದು ಮೆಣಸಿನಕಾಯಿಯ ದಲಾಲಿ ಅಂಗಡಿ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಕೆಂಪು ಸರಕು ಪೇಟೆಗೆ ಬರುವ ದಿನಗಳಲ್ಲಿ ಬ್ಯಾಡಗಿಯ ಜನರಿಗೆ ಊಟ ನಿದ್ರೆಗಳ ಪರಿವೆ ಇರುವದಿಲ್ಲವೆಂಬದು ನಮ್ಮ ಸೀಮೆಯವರಿಗೆ ಹೊಸ ಸಂಗತಿಯಲ್ಲ. ಯಜಮಾನರು ಹತ್ತು ದಿನಗಳಿಂದ ನಸುಕಿನಲ್ಲಿ ಎದ್ದು ಸ್ಕೂಟರಿನ ಮೇಲೆ ಪೇಟೆಗೆ ಹೋಗುತ್ತಿದ್ದರು. ಮೋಟಾರು ಗಾಡಿಯು ಅಂಗಳದಲ್ಲಿ ಚೀಲಗಳ ಸಾಲಿನ ಹಿಂದೆ ಸುಮ್ಮನೆ ನಿಂತಿತ್ತು. ಮನೆಯ ಮಕ್ಕಳಿಗೆ ಅದು ಆಟದ ಮನೆಯಾಗಿತ್ತು. ಒಬ್ಬ ಚಾಲಕನಾಗುವನು, ಒಬ್ಬಳು ಕಂಡಕ್ಟರಳಾಗುವಳು. ಆಟ ಮುಗಿಸಿ ಇಳಿಯುವಾಗ ಒಳಗಿನ ಚಿಕ್ಕ ದೀಪವನ್ನು ಆರಿಸಲು ಅವರಿಗೆ ನೆನಪಾಗಲಿಲ್ಲ.

ಆ ಮನೆಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬಲು ಇನ್ನೂ ಎರಡು ವಾರಗಳಿದ್ದವು. ಆದರೆ ಕೂಸು ಪಂಚಾಂಗವನ್ನು ನೋಡಿ ಬರುವದಿಲ್ಲವಷ್ಟೆ! ರಾತ್ರಿ ಒಂದೂವರೆ ಗಂಟೆಗೆ ಅವಳಿಗೆ ನೋವು ಕಾಣಿಸಿತು. ಹೆಸರು ಬರೆಯಿಸಿದ ಆಸ್ಪತ್ರೆ ಇದ್ದದ್ದು ರಾಣೇಬೆನ್ನೂರಿನಲ್ಲಿ. ಯಜಮಾನರು ಅವಸರದಿಂದ ಗಾಡಿಯಲ್ಲಿ ಕುಳಿತು ಬೀಗದ ಕೈ ತಿರುವಿದರು. ಟಕ್, ಟಕ್, ಟಕ್ ಎಂಬ ಸಪ್ಪಳವಲ್ಲದೆ ಮತ್ತೇನೂ ಇಲ್ಲ. ಎದುರಿನ ದೀಪಗಳೂ ಮಿಣುಕಿ ಆರಿಹೋದವು. ಬ್ಯಾಟರಿ ಪೂರಾ ಇಳಿದಿತ್ತು.

ನಾಲ್ಕು ಜನ ಗಂಡಸರು ಸೇರಿ ಗಾಡಿಯನ್ನು ದೂಡಿದರು. ಗೇರು ತಾನೇ ಬದಲಾಗುವ ಹೊಸ ತರಹದ ಗಾಡಿಯದು. ಅಂತಹದನ್ನು ಹರದಾರಿ ದೂಡಿದರೂ ಇಂಜಿನು ಹೂಡುವದಿಲ್ಲವೆಂಬದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬೀದಿಯಲ್ಲಿ ಚೀಲ ಹೇರಿಕೊಂಡು ನಿಂತ ಲಾರಿಯ ಚಾಲಕನು ಎದ್ದು ಬಂದು, ತನ್ನ ಬ್ಯಾಟರಿಯಿಂದ ತಂತಿ ಎಳೆದು ಕೊಡುತ್ತೇನೆಂದು ಒಳ್ಳೆಯ ಮನಸ್ಸಿನಿಂದ ಮುಂದಾದನು. ಪುಣ್ಯಕ್ಕೆ ಅಲ್ಲಿದ್ದ ಹಿರಿಯ ವೈರಿಂಗ್ ಕೆಲಸಗಾರನೊಬ್ಬನು ಅವನ ಕೈ ಹಿಡಿದನು. ಲಾರಿಯದು ೨೪ ವೋಲ್ಟು, ಮನೆಯ ಗಾಡಿಯದು ೧೨ ವೋಲ್ಟು. ಕೂಡಿಸಿದ್ದರೆ ಗಾಡಿಯ ಒಳಗಿನ ಸೂಕ್ಷ್ಮ ಯಂತ್ರಗಳೆಲ್ಲ ಸುಟ್ಟುಹೋಗುವ ಸಂಭವವಿತ್ತು, ಬ್ಯಾಟರಿಯೇ ಸಿಡಿದರೂ ಸಿಡಿಯಬಹುದಿತ್ತು. ಹೀಗೆ ಎಲ್ಲರೂ ಗಾಡಿಯ ಸುತ್ತ ಸುತ್ತುತ್ತಿರುವಾಗ, ಒಳಗಿನಿಂದ ಅಜ್ಜಿಯು ಬಾಗಿಲಿಗೆ ಬಂದು, “ಯಪ್ಪಾ, ಮೊದಲು ನೂರಾ ಎಂಟಕ್ಕ ಫೋನ್ ಹಚ್ಚರಿ. ಗಾಡಿ ಆಮ್ಯಾಲೆ ನೋಡಿದರಾತು” ಎಂದಳು. ಅಷ್ಟು ಜನ ತಿಳಿದವರಲ್ಲಿ ತಿಳಿವಳಿಕೆಯ ಮಾತನ್ನು ಆಡಿದವಳು ಅವಳೊಬ್ಬಳೇ.

ಫೋನು ಮಾಡಿದ್ದಾಯಿತು. ವಾಹನ ಹೊರಟಿದೆಯೆಂದು ಉತ್ತರ ಬಂದಿತು. ಅಷ್ಟರಲ್ಲಿ ಗದ್ದಲಕ್ಕೆ ಎಚ್ಚರಾದ ನೆರೆಮನೆಯ ಹುಡುಗನು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದನು. ಇಂಜಿನಿಯರಿಂಗ್ ಓದಲು ದಿನಾಲು ಹಾವೇರಿಗೆ ಹೋಗಿ ಬರುವ ಹುಡುಗನವನು. ಪೆಟ್ಟಿಗೆಯಾದರೋ ನಮ್ಮ ಪಂಚಾಂಗದ ಪುಸ್ತಕಕ್ಕಿಂತ ದೊಡ್ಡದಲ್ಲ. ಅದರಿಂದ ಎರಡು ಗಿಡ್ಡ ತಂತಿಗಳು, ತಂತಿಗಳ ತುದಿಗೆ ಒಂದು ಕೆಂಪು ಕ್ಲಿಪ್ಪು, ಒಂದು ಕರಿ ಕ್ಲಿಪ್ಪು. ಬಾನೆಟ್ಟು ಎತ್ತಿ, ಅವುಗಳನ್ನು ಕಚ್ಚಿಸಿ, “ಕಾಕಾ, ಈಗ ಸೆಲ್ಫ್ ಹೊಡೀರಿ” ಎಂದನು. ಒಂದೇ ಏಟಿಗೆ ಇಂಜಿನು ಗುಡುಗಿತು. ನೂರಾ ಎಂಟಕ್ಕೆ ವರ್ತಮಾನ ಕೊಟ್ಟು, ಬಸುರಿಯನ್ನು ಕರೆದುಕೊಂಡು ಹೊರಟರು. ಬೆಳಗಿನ ಜಾವ ರಾಣೇಬೆನ್ನೂರಿನಲ್ಲಿ ಹೆಣ್ಣುಕೂಸು ಹುಟ್ಟಿತು. ತಾಯಿ ಮಗು ಸುಖವಾಗಿದ್ದರು, ಇಂದಿಗೂ ಸುಖವಾಗಿದ್ದಾರೆ. ಆದರೆ ದೂಡುವದರಲ್ಲಿ, ಹುಡುಕುವದರಲ್ಲಿ, ಕೂಗಾಡುವದರಲ್ಲಿ ಕಳೆದುಹೋದ ಆ ನಲವತ್ತು ನಿಮಿಷಗಳನ್ನು ನೆನೆದರೆ ಇಂದಿಗೂ ನಮ್ಮ ಮೈ ಜುಮ್ಮೆನ್ನುವದು.

ಇನ್ನು ಈ ಸಂಗತಿಯ ಒಳಮರ್ಮವನ್ನು ನೋಡೋಣ. ಗಾಡಿಯ ಬ್ಯಾಟರಿ ಎಂಬದು ಸೀಸದ ಹಲಗೆಗಳನ್ನು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿಸಿದ ಆರು ಕೋಣೆಗಳ ಪೆಟ್ಟಿಗೆ. ಒಂದೊಂದು ಕೋಣೆಯು ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುವದರಿಂದ, ತುಂಬಿದ ಬ್ಯಾಟರಿಯು ಸುಮಾರು ೧೨.೬ ವೋಲ್ಟು ತೋರಿಸುವದು. ೧೨.೨ಕ್ಕೆ ಇಳಿಯಿತೆಂದರೆ ಅರ್ಧ ಬರಿದಾಯಿತೆಂದೂ, ೧೨ಕ್ಕಿಂತ ಕೆಳಗೆ ಹೋಯಿತೆಂದರೆ ಹೆಚ್ಚುಕಡಿಮೆ ಬತ್ತಿತೆಂದೂ ತಿಳಿಯತಕ್ಕದ್ದು. ಇದನ್ನು ೧೮೫೯ರಲ್ಲಿ ಫ್ರಾನ್ಸ್ ದೇಶದ ಗಾಸ್ತೋಂ ಪ್ಲಾಂಟೆ ಎಂಬ ಪಂಡಿತನು ಕಂಡುಹಿಡಿದನು. ಮೋಟಾರಿಗೂ ಇದಕ್ಕೂ ಗಟ್ಟಿಯಾದ ನಂಟು ಬೆಳೆದದ್ದು ಮಾತ್ರ ಅರ್ಧ ಶತಮಾನದ ಮೇಲೆ. ಅಲ್ಲಿಯ ವರೆಗೆ ಇಂಜಿನಿನ ಮುಂದೆ ಕಬ್ಬಿಣದ ಹ್ಯಾಂಡಲು ತೂರಿಸಿ ರಟ್ಟೆಬಲದಿಂದ ತಿರುವಬೇಕಾಗುತ್ತಿತ್ತು. ಹ್ಯಾಂಡಲು ತಿರುಗಿ ಒದ್ದು ಮುಂಗೈ ಮುರಿದುಕೊಂಡವರು ಎಷ್ಟೋ ಜನ. ಅಮೇರಿಕದ ಚಾರ್ಲ್ಸ್ ಕೆಟರಿಂಗ್ ಎಂಬವನು ವಿದ್ಯುತ್ತಿನಿಂದ ಇಂಜಿನು ಹೂಡುವ ಸಾಧನವನ್ನು ಮಾಡಿದನು. ೧೯೧೨ರ ಕ್ಯಾಡಿಲಾಕ್ ಗಾಡಿಗಳಿಗೆ ಅದನ್ನು ಅಳವಡಿಸಿದರು. ಅಂದಿನಿಂದ ಹೆಂಗಸರೂ ಮುದುಕರೂ ಒಂದು ಬೆರಳಿನಿಂದ ಗಾಡಿ ಹೂಡುವಂತಾಯಿತು. ನಮ್ಮ ಜನರು ‘ಸೆಲ್ಫ್’ ಎಂದು ಕರೆಯುವದು ಅದನ್ನೇ.

ಈ ಸೆಲ್ಫ್ ಎಂಬದು ಹೊಟ್ಟೆಬಾಕ. ಚಿಕ್ಕ ಗಾಡಿಯ ಇಂಜಿನನ್ನು ತಿರುವಲು ನೂರು ನೂರೈವತ್ತು ಆಂಪಿಯರುಗಳಷ್ಟು ಪ್ರವಾಹ ಬೇಕು. ಡೀಸೆಲ್ ಗಾಡಿಗೆ ಇನ್ನೂ ಹೆಚ್ಚು. ಆದರೆ ಬೇಕಾಗುವದು ಎರಡು ಮೂರು ಸೆಕೆಂಡು ಮಾತ್ರ. ಇಂಜಿನು ಒಮ್ಮೆ ಓಡಲು ಹತ್ತಿತೆಂದರೆ ಅದರ ಆಲ್ಟರ್ನೇಟರು ೧೪ ವೋಲ್ಟಿನ ಆಸುಪಾಸಿನಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಗೆ ಮರಳಿ ತುಂಬುವದು. ಹೀಗೆ ತೆಗೆದದ್ದನ್ನು ಮರಳಿ ಇಡುವ ವ್ಯವಹಾರ ನಡೆದಿರುವ ತನಕ ತೊಂದರೆಯಿಲ್ಲ. ತೆಗೆಯುವದು ನಡೆದು ಇಡುವದು ನಿಂತಿತೆಂದರೆ ಯಾವ ಗಂಟೂ ಕರಗುವದು.

ಆ ಚಿಕ್ಕ ದೀಪದ ಲೆಕ್ಕವನ್ನೇ ಹಾಕಿ ನೋಡಿರಿ. ಅದು ಐದು ವಾಟಿನದೆಂದರೆ ಗಂಟೆಗೆ ಅರ್ಧ ಆಂಪಿಯರಿಗಿಂತ ಕಡಿಮೆಯೇ ತಿನ್ನುವದು. ಸಣ್ಣ ಗಾಡಿಯ ಬ್ಯಾಟರಿಯು ೩೫ ಆಂಪಿಯರ್-ಗಂಟೆಯದು. ಮೂರೂವರೆ ದಿವಸಗಳಲ್ಲಿ ಅದು ಸಂಪೂರ್ಣ ಖಾಲಿ. ಸೆಲ್ಫ್ ಹೊಡೆಯಲಾರದಷ್ಟು ಸೊರಗಲು ಎರಡು ದಿವಸ ಸಾಕು. ಎದುರಿನ ದೊಡ್ಡ ದೀಪಗಳನ್ನು ಮರೆತರಂತೂ ಮೂರು ನಾಲ್ಕು ಗಂಟೆಗಳಲ್ಲಿಯೇ ಕೆಲಸ ಮುಗಿಯುವದು. ಇತ್ತೀಚಿನ ಬಹಳಷ್ಟು ಗಾಡಿಗಳಲ್ಲಿ ದೀಪವು ತಾನೇ ಆರುವ ಏರ್ಪಾಟುಂಟು. ಆದರೂ ಕಳ್ಳರ ಎಚ್ಚರಿಕೆಯ ಗಂಟೆ, ಗಡಿಯಾರ, ರಸ್ತೆಯನ್ನು ಚಿತ್ರಿಸುವ ಕ್ಯಾಮರಾ ಮುಂತಾದವು ಹಗಲಿರುಳು ಹನಿಹನಿಯಾಗಿ ಹೀರುತ್ತಲೇ ಇರುವವು. ೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ, ವಾರಗಟ್ಟಲೆ ನಿಂತ ಗಾಡಿಗಳು ಬಾಗಿಲು ತೆರೆದ ದಿನ ಏಳಲೇ ಇಲ್ಲವೆಂಬದನ್ನು ಅನೇಕ ವಾಚಕರು ಸ್ವಾನುಭವದಿಂದ ಬಲ್ಲರು.

ಇದಕ್ಕೆ ನಮ್ಮ ಸೀಮೆಯ ಬಿಸಿಲನ್ನೂ ಕೂಡಿಸಿಕೊಳ್ಳಬೇಕು. ಚಳಿಯ ದೇಶಗಳಲ್ಲಿ ಹಿಮ ಬಿದ್ದ ದಿನ ಬ್ಯಾಟರಿಗಳು ಕೈಕೊಡುವವು. ಆದುದರಿಂದ ಚಳಿಯೇ ಬ್ಯಾಟರಿಯ ವೈರಿಯೆಂದು ಜನರು ತಿಳಿಯುತ್ತಾರೆ. ನಿಜವಾಗಿ ಅದರ ಆಯುಷ್ಯವನ್ನು ತಿನ್ನುವದು ಸೆಕೆ. ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದರೆ ಒಳಗಿನ ಸವೆತವು ಸುಮಾರು ಎರಡು ಪಟ್ಟಾಗುವದೆಂದು ತಿಳಿದವರು ಹೇಳುತ್ತಾರೆ. ಚೈತ್ರ ವೈಶಾಖಗಳಲ್ಲಿ ರಾಣೇಬೆನ್ನೂರಿನ ಬಯಲಿನಲ್ಲಿ ನಿಲ್ಲಿಸಿದ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದವರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇದಲ್ಲದೆ, ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಐದೈದು ನಿಮಿಷ ಓಡುವ ಗಾಡಿಗೆ ತೆಗೆದದ್ದನ್ನು ಮರಳಿ ತುಂಬಿಕೊಳ್ಳಲು ಪುರಸೊತ್ತೇ ಸಿಗುವದಿಲ್ಲ.

ಹಾಗಾದರೆ ಆ ಹುಡುಗನು ತಂದ ಪೆಟ್ಟಿಗೆ ಯಾವದು? ಪೇಟೆಯಲ್ಲಿ ಅದಕ್ಕೆ ‘ಜಂಪ್ ಸ್ಟಾರ್ಟರ್’ ಎನ್ನುತ್ತಾರೆ. ಒಳಗಿರುವದು ನಮ್ಮ ಕಿಸೆಯ ಫೋನಿನಲ್ಲಿರುವ ಜಾತಿಯ ಲಿಥಿಯಂ ಬ್ಯಾಟರಿ. ಆ ಜಾತಿಯು ಮೊದಲು ಮಾರಾಟಕ್ಕೆ ಬಂದದ್ದು ೧೯೯೧ರಲ್ಲಿ. ಅದರ ಹುಟ್ಟಿಗೆ ಕಾರಣರಾದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ಪಂಡಿತರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸೀಸದ ಬ್ಯಾಟರಿಗಿಂತ ಹಗುರವಾಗಿಯೂ ಚಿಕ್ಕದಾಗಿಯೂ ಇದ್ದು ಥಟ್ಟನೆ ದೊಡ್ಡ ಪ್ರವಾಹವನ್ನು ಕೊಡಬಲ್ಲದೆಂಬದೇ ಅದರ ಹೆಚ್ಚುಗಾರಿಕೆ.

ಇಷ್ಟು ಚಿಕ್ಕ ಪೆಟ್ಟಿಗೆಯು ಅಷ್ಟು ದೊಡ್ಡ ಇಂಜಿನನ್ನು ಎಬ್ಬಿಸುವದು ಹೇಗೆಂದು ನಮಗೂ ಮೊದಲು ಸೋಜಿಗವಾಗಿತ್ತು. ಲೆಕ್ಕ ಹಾಕಿ ನೋಡಲು ಸೋಜಿಗವು ಕರಗಿತು. ಸಾಧಾರಣ ಪೆಟ್ಟಿಗೆಯೊಂದರಲ್ಲಿ ಸುಮಾರು ೩೭ ವಾಟ್-ಗಂಟೆಗಳ ಶಕ್ತಿಯಿರುವದು. ಗಾಡಿಯ ಬ್ಯಾಟರಿಯಲ್ಲಿ ತುಂಬಿದಾಗ ೪೨೦. ಅಂದರೆ ಪೆಟ್ಟಿಗೆಯ ಆಸ್ತಿಯು ಗಾಡಿಯ ಆಸ್ತಿಯ ಹತ್ತನೆಯ ಒಂದು ಪಾಲೂ ಅಲ್ಲ. ಆದರೆ ಇಂಜಿನನ್ನು ಒಂದು ಸಲ ಹೂಡಲು ಬೇಕಾಗುವದು ಒಂದು ಒಂದೂವರೆ ವಾಟ್-ಗಂಟೆ ಮಾತ್ರ! ಸಂತೆಗೆ ಹೋಗುವ ಬಡವನಿಗೆ ಬೇಕಾದದ್ದು ಬಂಡಿಯ ಬಾಡಿಗೆಯಷ್ಟು ಹಣ. ಸಂತೆ ಮುಟ್ಟಿದ ಮೇಲೆ ತನ್ನ ಸರಕು ಮಾರಿ ತಾನು ಗಳಿಸಿಕೊಳ್ಳುವನು. ನೆರೆಯವನು ಕೊಟ್ಟ ನಾಲ್ಕು ದುಡ್ಡಿನ ಕೈಗಡವು ಅವನ ದಿನವನ್ನೇ ಉಳಿಸುವದು. ಈ ಪೆಟ್ಟಿಗೆಯು ಮಾಡುವದೂ ಅಂತಹ ಕೈಗಡದ ಉಪಕಾರವನ್ನೇ. ಕೈಗಡದಿಂದ ಸಾಲಗಾರನು ಸಾವುಕಾರನಾಗಲಾರನೆಂಬದು ಹೇಗೆ ನಿಜವೋ, ಈ ಪೆಟ್ಟಿಗೆಯಿಂದ ಮುದಿ ಬ್ಯಾಟರಿಯು ಎಳೆಯದಾಗಲಾರದೆಂಬದೂ ಹಾಗೆಯೇ ನಿಜ.

ಇನ್ನು ಉಪಯೋಗಿಸುವ ಕ್ರಮ. ಮೊದಲು ಗಾಡಿಯ ಕೈಬ್ರೇಕು ಎಳೆದು, ಗೇರನ್ನು ನ್ಯೂಟ್ರಲ್ಲಿಗೆ, ತಾನೇ ಗೇರು ಬದಲಿಸುವ ಗಾಡಿಯಾದರೆ ‘ಪಾರ್ಕ್’ ಸ್ಥಾನಕ್ಕೆ ತರಬೇಕು. ದೀಪ, ಫ್ಯಾನು, ರೇಡಿಯೋ ಎಲ್ಲವನ್ನೂ ಆರಿಸಬೇಕು. ಮಕ್ಕಳನ್ನು ದೂರ ನಿಲ್ಲಿಸಬೇಕು. ಬ್ಯಾಟರಿಯಿಂದ ಜಲಜನಕವೆಂಬ ಹೊತ್ತಿಕೊಳ್ಳುವ ಅನಿಲವು ಹೊರಡುವದುಂಟು; ಆದುದರಿಂದ ಕತ್ತಲಲ್ಲಿ ಕಾಣದೆಂದು ಬೆಂಕಿಕಡ್ಡಿ ಗೀರುವದಾಗಲಿ, ಬೀಡಿ ಸೇದುತ್ತ ಬಗ್ಗಿ ನೋಡುವದಾಗಲಿ ಎಂದೂ ಕೂಡದು. ಟಾರ್ಚು ಹಿಡಿಯಬೇಕು. ಬ್ಯಾಟರಿಯ ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ ಅಥವಾ ಆಮ್ಲವು ಸೋರುತ್ತಿದ್ದರೆ ಅದನ್ನು ಮುಟ್ಟದೆ ಮೆಕ್ಯಾನಿಕ್ಕನನ್ನು ಕರೆಯಿಸತಕ್ಕದ್ದು.

ಟರ್ಮಿನಲ್ಲುಗಳ ಮೇಲೆ ಬಿಳಿ ಹಸಿರು ಬೂದಿಯಂತಹ ಕಿಲುಬು ಕಟ್ಟಿದ್ದರೆ ಒರಸಿ ತೆಗೆಯಬೇಕು. ಎಷ್ಟೋ ಸಲ ಬ್ಯಾಟರಿಯ ದೋಷವೇ ಇರುವದಿಲ್ಲ, ಈ ಕಿಲುಬೇ ಹಾದಿಗೆ ಅಡ್ಡವಾಗಿರುವದು. ತರುವಾಯ ಕೆಂಪು ಕ್ಲಿಪ್ಪನ್ನು ಕೂಡಿಸುವ ಗುರುತಿರುವ ಟರ್ಮಿನಲ್ಲಿಗೂ, ಕರಿ ಕ್ಲಿಪ್ಪನ್ನು ಕಳೆಯುವ ಗುರುತಿನ ಕಡೆಗೆ, ಅಂದರೆ ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆ ಟರ್ಮಿನಲ್ಲಿಗೆ ಇಲ್ಲವೆ ಬಣ್ಣವಿಲ್ಲದ ಇಂಜಿನಿನ ಲೋಹಕ್ಕೆ, ಗಟ್ಟಿಯಾಗಿ ಕಚ್ಚಿಸಬೇಕು. ಒಳ್ಳೆಯ ಪೆಟ್ಟಿಗೆಯಾದರೆ ಎಲ್ಲವೂ ಸರಿಯಾದಾಗ ಹಸಿರು ದೀಪ ತೋರಿಸುವದು. ತಿರುವುಮುರುವಾದರೆ ಕೆಂಪು ದೀಪ ತೋರಿಸಿ ಪ್ರವಾಹವನ್ನು ಬಿಡದೆ ನಿಲ್ಲುವದು. ಹಸಿರು ಕಂಡ ಮೇಲೆ ಸೆಲ್ಫ್ ಹೊಡೆಯಬೇಕು. ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು. ಹೂಡದಿದ್ದರೆ ಅರ್ಧ ನಿಮಿಷವಾದರೂ ತಡೆದು ಮತ್ತೊಮ್ಮೆ ಯತ್ನಿಸಬಹುದು. ಮೂರು ನಾಲ್ಕು ಸಲಕ್ಕೂ ಏಳದಿದ್ದರೆ ದೋಷವು ಬೇರೆಲ್ಲಿಯೋ ಇದೆಯೆಂದು ತಿಳಿದು ಬಿಟ್ಟುಬಿಡತಕ್ಕದ್ದು. ಇಂಜಿನು ಎದ್ದ ಕೂಡಲೆ ಪೆಟ್ಟಿಗೆಯನ್ನು ತೆಗೆಯಬೇಕು: ಮೊದಲು ಕರಿ, ಆಮೇಲೆ ಕೆಂಪು. ಕ್ಲಿಪ್ಪುಗಳು ಒಂದಕ್ಕೊಂದು ತಾಗಬಾರದು.

ಕೆಲವು ಪೆಟ್ಟಿಗೆಗಳಲ್ಲಿ ‘ಬೂಸ್ಟ್’ ಎಂಬ ಒಂದು ಗುಂಡಿ ಇರುವದು. ಗಾಡಿಯ ಬ್ಯಾಟರಿ ತೀರ ಬತ್ತಿದ್ದರೆ ಪೆಟ್ಟಿಗೆಗೆ ಅದರ ಗುರುತೇ ಹತ್ತುವದಿಲ್ಲ. ಆಗ ಈ ಗುಂಡಿಯನ್ನೊತ್ತಿ ಬಲವಂತದಿಂದ ಪ್ರವಾಹ ಬಿಡಿಸಬಹುದು. ಆದರೆ ಲಕ್ಷ್ಯವಿರಲಿ: ಗುಂಡಿಯನ್ನೊತ್ತಿದ ಕ್ಷಣದಿಂದ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ. ಕ್ಲಿಪ್ಪುಗಳು ತಿರುವುಮುರುವಾಗಿದ್ದರೂ ಅದು ತಡೆಯಲಿಕ್ಕಿಲ್ಲ. ಕೆಂಪು ಕರಿಗಳನ್ನು ಎರಡು ಸಲ ನೋಡಿಕೊಳ್ಳದೆ ಅದನ್ನು ಮುಟ್ಟಬಾರದು.

ಕೊಳ್ಳುವಾಗ ಮೋಸಹೋಗುವ ಸ್ಥಳಗಳು ಎರಡು ಮೂರುಂಟು. ಪೆಟ್ಟಿಗೆಯ ಮೇಲೆ ಸಾವಿರ, ಎರಡು ಸಾವಿರ ಆಂಪಿಯರು ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಅದು ಕಣ್ಣುಮಿಟುಕಿಸುವಷ್ಟು ಹೊತ್ತಿನ ಶಿಖರದ ಲೆಕ್ಕ. ಇಂಜಿನು ತಿರುಗುವಷ್ಟು ಹೊತ್ತು ನಿಂತು ಕೊಡುವ ಪ್ರವಾಹದ ಲೆಕ್ಕವನ್ನು ಸಣ್ಣ ಅಕ್ಷರಗಳಲ್ಲಿ ಹುಡುಕಿ ಓದಬೇಕು. ಯಾವ ಗಾತ್ರದ ಪೆಟ್ರೋಲು ಇಂಜಿನಿಗೆ, ಯಾವ ಗಾತ್ರದ ಡೀಸೆಲು ಇಂಜಿನಿಗೆ ತಕ್ಕದ್ದೆಂದು ಬರೆದದ್ದನ್ನೂ ನೋಡಬೇಕು. ಮಿಲಿ ಆಂಪಿಯರುಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಒಂದು ಕೋಶದ ೩.೭ ವೋಲ್ಟಿಗೆ ಹೇಳಿರುತ್ತಾರೆ; ಹನ್ನೆರಡು ವೋಲ್ಟಿಗೆ ಅದು ಮೂರನೆಯ ಒಂದು ಪಾಲಿಗೆ ಇಳಿಯುವದು. ತಿರುವುಮುರುವಿನಿಂದ ಕಾಯುವ, ಕಿಡಿ ತಡೆಯುವ ಏರ್ಪಾಟು ಇದೆಯೇ, ಭಾರತೀಯ ಮಾನಕ ಸಂಸ್ಥೆಯ ನೋಂದಣಿಯ ಗುರುತು ಇದೆಯೇ, ರಸೀದಿ ಸಿಗುವದೇ ಎಂಬವುಗಳನ್ನು ವಿಚಾರಿಸತಕ್ಕದ್ದು. ಎಣ್ಣೆ ಬಳಿದು ಹೊಳಪು ಬರಿಸಿದ ಮೆಣಸಿನಕಾಯಿಯನ್ನು ಮುಟ್ಟಿ ಮೂಸಿ ಗುರುತಿಸುವ ಬ್ಯಾಡಗಿಯ ಪೇಟೆಯವರು ಈ ಸರಕಿನಲ್ಲಿ ಮಾತ್ರ ಹೊರಗಿನ ಬಣ್ಣಕ್ಕೆ ಮರುಳಾಗುವದು ಶೋಭಿಸುವದಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಮುಚ್ಚಿಡದೆ ಹೇಳಿಬಿಡುತ್ತೇವೆ. ಆ ರಾತ್ರಿಯ ಬಳಿಕ ನಾವೂ ಒಂದು ಪೆಟ್ಟಿಗೆಯನ್ನು ಕೊಂಡೆವು. ಕೊಂಡ ಹೊಸತಿನಲ್ಲಿ ಬಂದ ನೆಂಟರಿಗೆಲ್ಲ ತೋರಿಸಿದೆವು. ಬಳಿಕ ಗಾಡಿಯ ಡಿಕ್ಕಿಯಲ್ಲಿ ಹಾಕಿ ಮರೆತುಬಿಟ್ಟೆವು. ಒಂದು ವರ್ಷ ಕಳೆದು ವೈಶಾಖದ ಒಂದು ಸಂಜೆ ಹಾವೇರಿಯಿಂದ ಮರಳುವಾಗ, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯ ಬದಿಗೆ ಚಹಾಕ್ಕೆಂದು ನಿಂತ ನಮ್ಮ ಗಾಡಿ ಏಳಲಿಲ್ಲ. ಜಂಬದಿಂದ ಪೆಟ್ಟಿಗೆ ತೆಗೆದೆವು. ಪೆಟ್ಟಿಗೆಯಲ್ಲಿ ದೀಪವೂ ಹತ್ತಲಿಲ್ಲ! ವರ್ಷವೆಲ್ಲ ಉಪವಾಸವಿಟ್ಟು, ಬೇಸಿಗೆಯಲ್ಲಿ ಬಾಣಲೆಯಂತೆ ಕಾಯುವ ಡಿಕ್ಕಿಯಲ್ಲಿ ಬೇಯಿಸಿದ ನಮ್ಮದೇ ಅಪರಾಧ, ಪೆಟ್ಟಿಗೆಯದೇನಿಲ್ಲ. ಪುಣ್ಯವಶಾತ್ ನಮ್ಮದು ಕೈಯಿಂದ ಗೇರು ಹಾಕುವ ಹಳೆಯ ಗಾಡಿಯಾದುದರಿಂದ, ಚಹಾದಂಗಡಿಯ ಜನರು ದೂಡಿ ಹೂಡಿಸಿಕೊಟ್ಟರು. ಮನೆಗೆ ಬಂದು ನೋಡಲು ಪೆಟ್ಟಿಗೆಯ ಹೊಟ್ಟೆ ತುಸು ಉಬ್ಬಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯು ಹೊತ್ತಿಕೊಳ್ಳುವ ಭಯವುಂಟೆಂದು ಕೇಳಿದ್ದೆವಾಗಿ, ಅದನ್ನು ಮತ್ತೆ ಚಾರ್ಜಿಗೆ ಹಚ್ಚದೆ, ಹಳೆಯ ಬ್ಯಾಟರಿಗಳನ್ನು ತೆಗೆದುಕೊಳ್ಳುವ ಅಂಗಡಿಗೆ ಒಪ್ಪಿಸಿದೆವು. ಎರಡನೆಯ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಬುದ್ಧಿ ಕಲಿತೆವು.

ಆ ಬುದ್ಧಿ ಇಂತಿದೆ. ನಮ್ಮ ಸೀಮೆಯಲ್ಲಿ ಅಮಾವಾಸ್ಯೆಗೆ ಗಾಡಿ ತೊಳೆದು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಪೂಜೆ ಮಾಡುವ ರೂಢಿಯುಂಟಷ್ಟೆ. ಮೂರು ಅಮಾವಾಸ್ಯೆಗೊಮ್ಮೆ ಅದೇ ದಿವಸ ಪೆಟ್ಟಿಗೆಯನ್ನೂ ಚಾರ್ಜಿಗೆ ಹಚ್ಚಿರಿ, ಮರೆಯುವ ಭಯವಿಲ್ಲ. ಬೇಸಿಗೆಯಲ್ಲಿ ಅದನ್ನು ಗಾಡಿಯಲ್ಲಿಡದೆ ಮನೆಯೊಳಗೆ ತಂಪಾದ ಸ್ಥಳದಲ್ಲಿಡಿರಿ, ಪ್ರಯಾಣಕ್ಕೆ ಹೊರಡುವಾಗ ನೀರಿನ ತಂಬಿಗೆಯೊಡನೆ ಒಯ್ಯಿರಿ. ಮಕ್ಕಳ ಕೈಗೆ ಕೊಡಬೇಡಿರಿ. ಹುಬ್ಬಳ್ಳಿಯಿಂದ ವಿಮಾನ ಹತ್ತುವವರು ಇದನ್ನು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಹಾಕಕೂಡದೆಂಬ ನಿಯಮವಿರುವದನ್ನೂ ನೆನಪಿಡತಕ್ಕದ್ದು.

ಗಾಡಿ ಎದ್ದಿತೆಂದು ಅಲ್ಲಿಗೇ ಮರೆಯುವದು ಎರಡನೆಯ ತಪ್ಪು. ಅರ್ಧ ಗಂಟೆ ಓಡಿಸಿದರೆ ಮುಂದಿನ ಒಂದೆರಡು ಸಲ ಹೂಡಲು ಸಾಕಾಗುವಷ್ಟು ತುಂಬಬಹುದು. ಬತ್ತಿದ ಬ್ಯಾಟರಿ ಪೂರಾ ತುಂಬಲು ಅನೇಕ ಗಂಟೆಗಳು ಬೇಕು. ಅಂಗಡಿಯಲ್ಲಿ ನಿಧಾನವಾಗಿ ಚಾರ್ಜು ಮಾಡಿಸಿ, ಭಾರ ಹಾಕಿ ಪರೀಕ್ಷಿಸಿರಿ. ನಮ್ಮ ಸೆಕೆಯಲ್ಲಿ ಮೂರು ನಾಲ್ಕು ವರ್ಷ ದುಡಿದ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಅದಕ್ಕೆ ವಿಶ್ರಾಂತಿ ಕೊಡುವದೇ ಲೇಸು. ಹಳೆಯದನ್ನು ಹೊಸದು ಕೊಂಡ ಅಂಗಡಿಗೇ ಮರಳಿ ಕೊಡಿರಿ. ತಕ್ಕಷ್ಟು ಬೆಲೆಯೂ ಸಿಗುವದು. ೨೦೨೨ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮಗಳಂತೆ ಹಳೆಯ ಬ್ಯಾಟರಿಗಳು ಕಸದ ತಿಪ್ಪೆಗೆ ಹೋಗಬಾರದು, ತಕ್ಕ ರೀತಿಯಿಂದ ಮರುಬಳಕೆಯಾಗಬೇಕು. ಹಿತ್ತಿಲಲ್ಲಿ ಒಡೆದು ಸೀಸ ತೆಗೆಯುವವರಿಗೆ ನಾಲ್ಕು ರೂಪಾಯಿ ಹೆಚ್ಚಿಗೆಂದು ಮಾರಿದರೆ, ಆ ಸೀಸದ ಧೂಳು ಯಾರದೋ ಮಕ್ಕಳ ಹೊಟ್ಟೆ ಸೇರಿ ಅವರ ಬುದ್ಧಿಯ ಬೆಳವಣಿಗೆಗೇ ಕುಂದು ತರುವದು.

ಎಲ್ಲರಿಗೂ ಈ ಪೆಟ್ಟಿಗೆ ಬೇಕೇ? ಬೇಡ. ದಿನಾಲು ದೂರ ಓಡುವ, ಹೊಸ ಬ್ಯಾಟರಿಯುಳ್ಳ ಗಾಡಿಯವರು ಕೆಲವು ಸಾವಿರ ರೂಪಾಯಿಗಳನ್ನು ಇದಕ್ಕೆ ಸುರಿಯಬೇಕಾದದ್ದಿಲ್ಲ. ದಪ್ಪನೆಯ ಜೋಡಿ ತಂತಿಯೂ ೧೨ ವೋಲ್ಟಿನ ಗಾಡಿಯುಳ್ಳ ನೆರೆಯವನೂ ಇದ್ದರೆ ಅದೇ ಕೆಲಸ ಆಗುವದು. ಆದರೆ ಗಾಡಿಯು ದಿನಗಟ್ಟಲೆ ನಿಲ್ಲುವ ಮನೆ, ಗೇರು ತಾನೇ ಬದಲಾಗುವ ಗಾಡಿ, ಮುಪ್ಪಿನವರು, ಬಸುರಿ ಬಾಣಂತಿಯರು ಇರುವ ಕುಟುಂಬ, ಹೊಲದ ಮನೆಯಲ್ಲಿ ಒಂಟಿಯಾಗಿ ವಾಸಿಸುವವರು, ಇಂಥವರಿಗೆ ಇದು ಉಪಯುಕ್ತವೆಂದು ನಾವು ನಿಶ್ಚಯವಾಗಿ ಹೇಳಬಲ್ಲೆವು. ವಿದ್ಯುತ್ತಿನಿಂದಲೇ ಓಡುವ ಗಾಡಿಗಳಲ್ಲಿಯೂ ಒಂದು ಚಿಕ್ಕ ೧೨ ವೋಲ್ಟಿನ ಬ್ಯಾಟರಿ ಇದ್ದು, ಅದು ಇಳಿದರೆ ಗಾಡಿ ಎಚ್ಚರಗೊಳ್ಳುವದಿಲ್ಲ. ಅಂಥವುಗಳಿಗೆ ಪೆಟ್ಟಿಗೆ ಹಚ್ಚುವ ಮೊದಲು ಗಾಡಿಯ ಕೈಪಿಡಿಯನ್ನು ಓದತಕ್ಕದ್ದು.

ಕಟ್ಟಕಡೆಗೆ ಅಜ್ಜಿಯ ಮಾತನ್ನು ಮತ್ತೊಮ್ಮೆ ಜ್ಞಾಪಿಸುತ್ತೇವೆ. ಜೀವದ ಪ್ರಶ್ನೆ ಬಂದಾಗ ಮೊದಲು ೧೦೮ಕ್ಕೆ ಫೋನು, ಹೆದ್ದಾರಿಯಲ್ಲಿ ಗಾಡಿ ನಿಂತರೆ ೧೦೩೩ಕ್ಕೆ, ಪೆಟ್ಟಿಗೆ ಆಮೇಲೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ತೋಡಿದ ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ನಡುನಡುವೆ ಬಗ್ಗಿ ನೋಡುತ್ತಲೂ ಇರಬೇಕೆಂದು ನಾವು ಅದಕ್ಕೆ ಕೂಡಿಸುತ್ತೇವೆ.

ಆ ನೆರೆಮನೆಯ ಹುಡುಗನು ಈಗ ನೌಕರಿಯ ಮೇಲೆ ದೂರದ ಊರಿನಲ್ಲಿದ್ದಾನೆ. ಹೋಗುವಾಗ ತನ್ನ ಪೆಟ್ಟಿಗೆಯನ್ನು ಆ ಅಜ್ಜಿಯ ವಶಕ್ಕೆ ಕೊಟ್ಟು ಹೋದನು. ಓಣಿಯಲ್ಲಿ ಯಾರ ಗಾಡಿ ನಿಂತರೂ ಅವಳ ಬಾಗಿಲಿಗೆ ಬರುತ್ತಾರೆ. ದೇವರ ಮಾಡದ ಕೆಳಗೆ, ದೀಪದ ಎಣ್ಣೆಯ ಗಿಂಡಿಯ ಪಕ್ಕದಲ್ಲಿ ಅದನ್ನು ಇಟ್ಟುಕೊಂಡಿದ್ದಾಳೆ. ತಪ್ಪದೆ ಚಾರ್ಜು ಮಾಡಿಸುತ್ತಾಳೆ. ಒಯ್ದವರು ಅದೇ ದಿವಸ ಮರಳಿ ತಂದುಕೊಡಬೇಕೆಂಬದು ಅವಳ ಕರಾರು. ಇಂತಹದೊಂದು ಪೆಟ್ಟಿಗೆಯನ್ನು ಓಣಿಗೊಂದರಂತೆ ಕೂಡಿಕೊಂಡು ಕೊಳ್ಳಬಾರದೇಕೆಂದು ವಾಚಕರು ವಿಚಾರಿಸಿ ನೋಡುವರೆಂದು ಆಶಿಸಿ ಈ ಸಲದ ಬರಹವನ್ನು ಮುಗಿಸುತ್ತೇವೆ.